ನಂಬರ್ ಸಿಗದ ಗಾಡಿ

ನನ್ನ ಬಟ್ಟೆಗಳೆಲ್ಲ ಮೊದಲು ಹರಿಯುವುದು ಎಡ ಮೊಣಕಾಲಿನ ಮೇಲೆ. ಎರಡು ವರ್ಷದವಳಿದ್ದಾಗ ಪೋಲಿಯೊ ಬಂದು ಆ ಕಾಲು ಬತ್ತಿತು. ಎಡಗೈಯಿಂದ ಮೊಣಕಾಲನ್ನು ಒತ್ತಿ ಹಿಡಿದರೆ ಮಾತ್ರ ಅದು ಮೈಭಾರ ತಡೆಯುತ್ತದೆ, ಇಲ್ಲದಿದ್ದರೆ ಮಡಚಿಕೊಳ್ಳುತ್ತದೆ. ಬಗ್ಗಿ ಒತ್ತುವುದು, ಏಳುವುದು, ಮತ್ತೆ ಬಗ್ಗುವುದು, ಇದೇ ನನ್ನ ನಡಿಗೆ. ಎಷ್ಟೇ ಗಟ್ಟಿ ಬಟ್ಟೆಯ ಚೂಡಿದಾರವಾದರೂ ಆರು ತಿಂಗಳಲ್ಲಿ ಅಲ್ಲಿ ಅಂಗೈಯಗಲ ಜಾಗ ಸವೆದು ತೆಳ್ಳಗಾಗುತ್ತದೆ. ಅಣ್ಣನ ಹೆಂಡತಿ, ನಮ್ಮ ವೈನಿ, ಒಳಗಿನಿಂದ ತುಂಡು ಕೊಟ್ಟು ಹೊಲಿದು ಕೊಡುತ್ತಾಳೆ.

ನಾನು ಗ್ರಾಮ ಪಂಚಾಯಿತಿಯ ಗ್ರಂಥಾಲಯ ನೋಡಿಕೊಳ್ಳುವವಳು. ಮನೆ ಕುಷ್ಟಗಿಯ ಅಂಚಿನಲ್ಲಿದೆ. ಗ್ರಂಥಾಲಯ ಇರುವುದು ಅಲ್ಲಿಂದ ಐದು ಕಿಲೋಮೀಟರ್ ದೂರದ ಹಳ್ಳಿಯಲ್ಲಿ. ಆ ಊರಿಗೆ ಬೆಳಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು. ಎರಡೂ ತುಂಬಿ ಬರುತ್ತವೆ, ಮೆಟ್ಟಿಲು ನನ್ನ ಸೊಂಟದ ಹತ್ತಿರಕ್ಕಿರುತ್ತದೆ. ಹಾಗಾಗಿ ಹನ್ನೊಂದು ವರ್ಷ ನನ್ನನ್ನು ತನ್ನ ಬೈಕಿನಲ್ಲಿ ಕರೆದುಕೊಂಡು ಹೋಗಿ ಬಿಟ್ಟವನು ಅಣ್ಣ. ಅವನು ಗೌಂಡಿ ಕೆಲಸದವನು. ಕಟ್ಟಡದ ಕೆಲಸ ಊರಲ್ಲೇ ಇದ್ದರೆ ಒಂಬತ್ತಕ್ಕೆ ಬಿಡುತ್ತಿದ್ದ. ಮುನಿರಾಬಾದಿನ ಕಡೆ ಕೆಲಸವಿದ್ದ ದಿನಗಳಲ್ಲಿ ಆರೂವರೆಗೇ ಬಿಟ್ಟು ಹೋಗಬೇಕಾಗುತ್ತಿತ್ತು. ಪಂಚಾಯಿತಿ ಅಂಗಳದಲ್ಲಿ ಇನ್ನೂ ಕಸ ಹೊಡೆದಿರುತ್ತಿರಲಿಲ್ಲ. ಬಾಗಿಲ ಮೆಟ್ಟಿಲ ಮೇಲೆ ಕೂತು ಬಿಸಿಲು ಏರುವುದನ್ನು ನೋಡುತ್ತಿದ್ದೆ. ಸಂಜೆ ಅವನು ಬರುವುದು ತಡವಾದರೆ ಮತ್ತೆ ಅದೇ ಮೆಟ್ಟಿಲು. ಅವನು ಒಂದು ದಿನವೂ ಬೇಸರ ತೋರಿಸಲಿಲ್ಲ. ಬೇಸರ ತೋರಿಸದವನ ಹಿಂದೆ ಕೂತು ಹೋಗುವುದು ಇನ್ನೂ ಕಷ್ಟ ಎನ್ನುವುದನ್ನು ಅವನಿಗೆ ಹೇಗೆ ಹೇಳಲಿ.

ಸರಕಾರದವರು ಅಂಗವಿಕಲರಿಗೆ ಕೊಡುವ ಮೂರು ಗಾಲಿಯ ಸ್ಕೂಟರಿಗೆ ಎರಡು ಸಲ ಅರ್ಜಿ ಹಾಕಿದ್ದೆ. ಎರಡು ಸಲವೂ ಪಟ್ಟಿಯಲ್ಲಿ ನನ್ನ ಹೆಸರು ಬರಲಿಲ್ಲ. ನನ್ನ ಕಾಲಿಗೆ ಅವರು ಕೊಟ್ಟ ಅಂಗವಿಕಲತೆಯ ಪರ್ಸೆಂಟು ಸಾಲದು ಎಂದರು.

ಆಗ ಅಣ್ಣನ ಪರಿಚಯದವನೊಬ್ಬ ಕುಷ್ಟಗಿಯಲ್ಲಿ ಬ್ಯಾಟರಿ ಸ್ಕೂಟರಿನ ಅಂಗಡಿ ತೆರೆದ. ಮೊದಲು ಸೈಕಲ್ ಅಂಗಡಿ ಇಟ್ಟಿದ್ದವನು, ಒಳ್ಳೆಯ ಮನುಷ್ಯ. ನಾನು ಹೋದಾಗ ಕುರ್ಚಿ ಎಳೆದು ಕೂರಿಸಿ ಹೇಳಿದ: "ಇದಕ್ಕ ಲೈಸೆನ್ಸ್ ಬ್ಯಾಡ, ನಂಬರ್ ಬ್ಯಾಡ, ಇನ್ಶೂರೆನ್ಸ್ ಬ್ಯಾಡ. ತಾಸಿಗೆ ಇಪ್ಪತ್ತೈದು ಕಿಲೋಮೀಟರ್ ಒಳಗ ಹೋಗೋ ಗಾಡಿ ಸರ್ಕಾರದ ಲೆಕ್ಕದಾಗ ಗಾಡೀನ ಅಲ್ರಿ ಅಕ್ಕಾರ. ಸೈಕಲ್ ಇದ್ದಂಗ."

"ನಾ ಎರಡು ಗಾಲಿ ಮ್ಯಾಲೆ ತಡದುಕೊಳ್ಳಾಕ ಆಗೂದಿಲ್ಲಲ್ರಿ."

"ಹಿಂದಿನ ಗಾಲಿಗೆ ಎರಡೂ ಪಕ್ಕ ಸಣ್ಣ ಗಾಲಿ ಕೂಡಿಸಿ ಕೊಡ್ತೀನಿ. ವೆಲ್ಡಿಂಗ್ ಅಂಗಡಿಯವ ನಮ್ಮವನ ಅದಾನ."

ಉಳಿಸಿಟ್ಟಿದ್ದೆಲ್ಲ ಕೊಟ್ಟು ತೆಗೆದುಕೊಂಡೆ. ನೀಲಿ ಬಣ್ಣದ್ದು. ನಾಲ್ಕು ದಿನ ಮನೆಯ ಹಿಂದಿನ ಬಯಲಿನಲ್ಲಿ ಕಲಿತೆ. ಐದನೆಯ ದಿನ ಒಬ್ಬಳೇ ಹೊರಟೆ.

ಆ ಮೊದಲ ದಿನದಲ್ಲಿ ದೊಡ್ಡದೇನೂ ನಡೆಯಲಿಲ್ಲ. ದಾರಿಯಲ್ಲಿ ಒಂದು ದಾಳಿಂಬೆ ತೋಟ ಬರುತ್ತದೆ. ಬೇಲಿಯಾಚೆ ಹಣ್ಣಿಗೆ ಕಾಗದದ ಚೀಲ ಕಟ್ಟಿರುತ್ತಾರೆ. ಹನ್ನೊಂದು ವರ್ಷ ಅದನ್ನು ದಾಟಿ ಹೋಗಿದ್ದೆ, ಅಣ್ಣನ ಭುಜದ ಪಕ್ಕದಿಂದ ಅರ್ಧ ಕಾಣುತ್ತಿತ್ತು. ಅವತ್ತು ಅಲ್ಲಿ ಗಾಡಿ ನಿಲ್ಲಿಸಿದೆ. ನಿಲ್ಲಿಸಲು ಕಾರಣವೇ ಇರಲಿಲ್ಲ. ನಿಲ್ಲಬೇಕೆನಿಸಿತು, ನಿಂತೆ. ಯಾರನ್ನೂ ಕೇಳದೆ, ಯಾರಿಗೂ ತಡವಾಗುತ್ತದೆಯೇ ಎಂದು ಯೋಚಿಸದೆ ನಿಂತಿದ್ದು ಅದೇ ಮೊದಲು. ಐದು ನಿಮಿಷ ಇದ್ದಿರಬಹುದು. ಆಮೇಲೆ ಹೊರಟು ಎಂಟೂವರೆಗೆ ಬಾಗಿಲು ತೆರೆದೆ.

ದಿನಾ ತಪ್ಪದೆ ಎಂಟೂವರೆಗೆ ತೆರೆದರೆ ಬರುವ ಓದುಗರೇ ಬೇರೆ ಎಂದು ಆಗ ಗೊತ್ತಾಯಿತು. ಕೆಲಸಕ್ಕೆ ಹೋಗುವ ಮೊದಲು ಪೇಪರ್ ಓದುವ ಗಂಡಸರು ನಾಲ್ಕೈದು ಜನ, ಪೊಲೀಸ್ ಪರೀಕ್ಷೆಗೆ ಓದುವ ಮೂವರು ಹುಡುಗಿಯರು. ಮಧ್ಯಾಹ್ನ ದಾಳಿಂಬೆ ತೋಟದಲ್ಲಿ ಹೆಣ್ಣುಮಕ್ಕಳು ಬುತ್ತಿ ಬಿಚ್ಚುವ ಹೊತ್ತಿಗೆ ಹತ್ತು ಪುಸ್ತಕ ಮುಂದಿಟ್ಟುಕೊಂಡು ಗಾಡಿಯಲ್ಲಿ ಹೋಗುತ್ತಿದ್ದೆ. ಅವರಲ್ಲಿ ಇಬ್ಬರಿಗೆ ಓದಲು ಬರುತ್ತಿತ್ತು. ಒಬ್ಬಳು ಓದಿದರೆ ಉಳಿದವರು ಕೇಳುತ್ತ ರೊಟ್ಟಿ ತಿನ್ನುತ್ತಿದ್ದರು.

ತೊಂದರೆ ಇದ್ದದ್ದು ಒಂದೇ. ಹಳ್ಳ ದಾಟಿದ ಮೇಲೆ ಒಂದು ದಿಬ್ಬವಿದೆ. ಪಕ್ಕದ ಗಾಲಿಗಳ ಭಾರಕ್ಕೆ ಗಾಡಿ ಅಲ್ಲಿ ಏರದೆ ನಿಂತುಬಿಡುತ್ತಿತ್ತು. ಇಳಿದು ತಳ್ಳುವುದು ನನ್ನಿಂದ ಆಗದ ಮಾತು. ಯಾರಾದರೂ ಬರುವವರೆಗೆ ಕಾಯಬೇಕು. ಅಂಗಡಿಯವನಿಗೆ ಹೇಳಿದೆ. ಅವನು ಸೀಟು ಬಿಚ್ಚಿ, ಒಳಗಿನ ಒಂದು ವೈರನ್ನು ಕಿತ್ತು ಇನ್ನೊಂದಕ್ಕೆ ಜೋಡಿಸಿ ಟೇಪು ಸುತ್ತಿದ. "ಕಂಪನಿಯವರು ಲಾಕ್ ಮಾಡಿರ್ತಾರ್ರಿ. ಈಗ ಬಿಚ್ಚೀನಿ. ಕುದುರಿ ಹೋದಂಗ ಹೋಗ್ತೈತಿ ನೋಡ್ರಿ" ಅಂದ. ಹೌದು, ಹೋಯಿತು. ನನಗೆ ಭಾಳ ಖುಷಿಯಾಯಿತು. ಆ ಕೆಲಸ ಮಾಡಿಸಿದವಳು ನಾನೇ. ಈಗ ಯಾರನ್ನೂ ಬೈಯಲು ಬಾಯಿ ಬರುವುದಿಲ್ಲ.

ಐದಾರು ತಿಂಗಳು ಹಾಗೆಯೇ ನಡೆಯಿತು. ಒಂದು ದಿನ ಕುಷ್ಟಗಿಯ ಸರ್ಕಲ್ಲಿನಲ್ಲಿ ಪೊಲೀಸ್ ಪೇದೆಯೊಬ್ಬ ಬೈಕು ಅಡ್ಡ ಹಾಕಿ ನಿಲ್ಲಿಸಿದ.

"ನಂಬರ್ ಪ್ಲೇಟ್ ಎಲ್ಲೈತ್ರಿ ಅಕ್ಕಾರ?"

"ಇದಕ್ಕ ಬ್ಯಾಡಂತ ಹೇಳ್ಯಾರ್ರಿ. ಇಪ್ಪತ್ತೈದರ ಒಳಗ ಹೋಗೋ ಗಾಡಿ."

ಅವನು ನಕ್ಕ. "ಅಲ್ರಿ, ನಿಮ್ಮ ಹಿಂದ ಹಿಂದನ ಬಂದೀನಿ ನಾನು. ನನ್ನ ಬೈಕಿನ ಮುಳ್ಳು ನಲವತ್ತರ ಹತ್ರ ಇತ್ತು. ಹೋಗ್ರಿ, ಇವತ್ತು ಬಿಡ್ತೀನಿ. ದೊಡ್ಡವ್ರು ಯಾರರ ಹಿಡಿದ್ರ ಗಾಡಿ ಒಯ್ತಾರ. ಆರ್‌ಟಿಓದಾಗ ಒಂದು ನಂಬರ್ ಮಾಡಿಸ್ಕೊಂಬಿಡ್ರಿ."

ಅವನು ಒಳ್ಳೆಯದಕ್ಕೇ ಹೇಳಿದ. ನಾನು ಅದನ್ನು ಮನಸ್ಸಿಗೆ ತೆಗೆದುಕೊಂಡೆ. ಅಣ್ಣ, ವೈನಿ ಇಬ್ಬರೂ ಬೇಡ ಎಂದರು. ಊರ ತುಂಬ ಇಂಥ ಗಾಡಿಗಳು ಓಡಾಡುತ್ತವೆ, ಯಾರೂ ಕೇಳುವುದಿಲ್ಲ ಎಂದರು. ನಾನು ಹಟ ಹಿಡಿದೆ. ಹೆದರಿಕೆ ಅರ್ಧ ಕಾರಣ. ಇನ್ನರ್ಧ ಬೇರೆ ಇತ್ತು, ಅದನ್ನು ಅವರಿಗೆ ಹೇಳಲಿಲ್ಲ. ಮನೆ ಅಣ್ಣನ ಹೆಸರಿನಲ್ಲಿದೆ. ಗ್ಯಾಸಿನ ಪುಸ್ತಕ ವೈನಿಯ ಹೆಸರಿನಲ್ಲಿದೆ. ರೇಷನ್ ಕಾರ್ಡಿನಲ್ಲಿ ನಾನು ನಾಲ್ಕನೆಯ ಸಾಲು. ಮಾಲೀಕರು ಎಂದು ಬರೆದ ಜಾಗದಲ್ಲಿ ನನ್ನ ಹೆಸರಿರುವ ಒಂದು ಕಾಗದ, ಒಂದು ಆರ್‌ಸಿ, ನನಗೂ ಬೇಕೆನಿಸಿತು.

ಗಾಡಿಯನ್ನು ಕೊಪ್ಪಳದ ಆರ್‌ಟಿಓ ಆಫೀಸಿಗೆ ಒಯ್ದು ತೋರಿಸಬೇಕಿತ್ತು. ಅಷ್ಟು ದೂರಕ್ಕೆ ಬ್ಯಾಟರಿ ಸಾಲುವುದಿಲ್ಲ. ಅಣ್ಣ ಒಂದು ಸಣ್ಣ ಟೆಂಪೊ ಮಾತಾಡಿದ. ಹಿಂದಿನ ದಿನ ಗಾಡಿಯನ್ನು ತೊಳೆದು ಒರೆಸಿದೆ. ಟೆಂಪೊದಲ್ಲಿ ಹಗ್ಗ ಕಟ್ಟಿ ನಿಲ್ಲಿಸಿದಾಗ ಮದುವೆಗೆ ಕೊಡುವ ಸಾಮಾನಿನಂತೆ ಹೊಳೆಯುತ್ತಿತ್ತು.

ಆಫೀಸಿನ ಹೊರಗೆ ಬೇವಿನ ಮರದ ಕೆಳಗೆ ಮೇಜು ಹಾಕಿಕೊಂಡು ಅರ್ಜಿ ತುಂಬಿ ಕೊಡುವ ಮುದುಕರೊಬ್ಬರಿದ್ದರು. ಬಿಳಿ ಗಡ್ಡ, ತಲೆಗೆ ಹೆಣೆದ ಟೋಪಿ. ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು. ನನ್ನ ಕಾಗದಗಳನ್ನು ತಿರುವಿ ನೋಡಿದರು. ಅಂಗಡಿಯ ರಸೀದಿ, ಆಧಾರ್, ಅಂಗವಿಕಲರ ಕಾರ್ಡು, ಅಷ್ಟೇ.

"ಮಾರಿದ ಸರ್ಟಿಫಿಕೇಟ್ ಎಲ್ಲೈತವ್ವ? ಕಂಪನಿಯವ್ರು ಗಾಡಿ ರೋಡಿಗೆ ಛಲೋ ಐತಿ ಅಂತ ಕೊಡೋ ಕಾಗದ?"

"ಅವು ಕೊಟ್ಟಿಲ್ರಿ ಚಾಚಾ."

ಅವರು ಕನ್ನಡಕ ತೆಗೆದು ನನ್ನನ್ನೂ ಟೆಂಪೊದಲ್ಲಿದ್ದ ಗಾಡಿಯನ್ನೂ ನೋಡಿದರು. ದನಿ ತಗ್ಗಿಸಿದರು. "ಬೇಟಿ, ನನ್ನ ಮಾತು ಕೇಳ್ತೀಯೇನು? ಈ ಗಾಡಿ ಇಳಿಸಬ್ಯಾಡ. ಹಂಗ ಮನಿಗಿ ಒಯ್ಯಿ. ಒಳಗ ಒಯ್ದು ಸಾಹೇಬ್ರ ಕಣ್ಣಿಗಿ ಹಾಕಿದ್ರ ಅವ್ರು ಕಾಯ್ದೆ ಹೇಳಾಕ ಬೇಕು. ಹೇಳಿದ ಮ್ಯಾಲೆ ನೀ ಕೇಳಾಕ ಬೇಕು."

ಅಣ್ಣ ನನ್ನ ಮುಖ ನೋಡಿದ. "ಚಾಚಾ ಹೇಳೂದು ಖರೆ ಐತಿ. ನಡಿ ಹೋಗೂಣು."

"ಇಷ್ಟು ದೂರ ಬಂದೀವಿ. ಕೇಳೇ ಹೋಗೂಣು" ಎಂದೆ. ಚಾಚಾ ಅರ್ಜಿ ತುಂಬಿ ಕೊಟ್ಟರು. ಬರೆದಿದ್ದಕ್ಕೆ ದುಡ್ಡು ಮುಟ್ಟಲಿಲ್ಲ.

ಇನ್‌ಸ್ಪೆಕ್ಟರು ಮೈಸೂರು ಕಡೆಯವರು, ಮಾತಿನಲ್ಲೇ ತಿಳಿಯುತ್ತಿತ್ತು. ನನ್ನನ್ನು ನೋಡಿದ ಕೂಡಲೇ ಒಳಗಿನಿಂದ ಕುರ್ಚಿ ತರಿಸಿದರು. ಗಾಡಿಯ ಸುತ್ತ ಎರಡು ಸುತ್ತು ಬಂದರು. ಮೋಟಾರಿನ ಮೇಲಿನ ಚೀಟಿಯನ್ನು ಬಗ್ಗಿ ಓದಿದರು. ಆಮೇಲೆ ತಾವೇ ಹತ್ತಿ ಕಾಂಪೌಂಡಿನ ಉದ್ದಕ್ಕೆ ಓಡಿಸಿಕೊಂಡು ಹೋಗಿ ಬಂದರು. ಅವರು ಅಷ್ಟು ಜೋರಾಗಿ ತಿರುಗಿ ಬರುವಾಗ ನನ್ನ ಗಾಡಿ ಎಷ್ಟು ಚೆನ್ನಾಗಿ ಓಡುತ್ತದೆ ಎಂದು ನನಗೆ ಹೆಮ್ಮೆಯಾಯಿತು. ಎಂಥ ಹುಚ್ಚಿ ನಾನು.

"ಮೇಡಂ, ಇದು ಮೂವತ್ತೆಂಟು ಹೋಗುತ್ತೆ" ಎಂದರು. "ಇಪ್ಪತ್ತೈದು ದಾಟಿದ್ರೆ ಇದು ಮೋಟಾರು ವಾಹನ. ನಂಬರ್ ಇಲ್ಲದೆ ರಸ್ತೆಗೆ ಇಳಿಸೋ ಹಾಗಿಲ್ಲ."

"ಅದಕ್ಕ ಬಂದೀನ್ರಿ ಸರ್. ನಂಬರ್ ಮಾಡಿ ಕೊಡ್ರಿ."

"ಮಾಡೋಕೆ ಬರಲ್ಲ ಮೇಡಂ. ನಂಬರ್ ಕೊಡಬೇಕು ಅಂದ್ರೆ ಕಂಪನಿಯವರು ಈ ಮಾಡೆಲ್ಲನ್ನ ಪರೀಕ್ಷೆ ಮಾಡಿಸಿ ಒಪ್ಪಿಗೆ ತಗೊಂಡಿರಬೇಕು. ಅವರು ಇದನ್ನ ನಂಬರ್ ಬೇಡದ ಗಾಡಿ ಅಂತ ಮಾರಿದ್ದಾರೆ. ನಮ್ಮ ಕಂಪ್ಯೂಟರಲ್ಲಿ ಇದರ ಹೆಸರೇ ಇಲ್ಲ."

"ಹಂಗಾದ್ರ ಆ ವೈರು ಮೊದಲಿನಂಗ ಮಾಡಿಸಿ, ಇಪ್ಪತ್ತೈದರ ಒಳಗ ತಂದ್ರ?"

ಅವರು ಬಗ್ಗಿ ಪಕ್ಕದ ಗಾಲಿಯ ಬೆಸುಗೆಯನ್ನು ಮುಟ್ಟಿ ನೋಡಿದರು. "ಆಗ ನಂಬರ್ ಬೇಡ ಅನ್ನಬಹುದು. ಆದ್ರೆ ಹಾಗೆ ಬಿಡೋದಕ್ಕೂ ಪರೀಕ್ಷೆಯ ಪ್ರಮಾಣಪತ್ರ ಬೇಕು. ತೂಕಕ್ಕೂ ಮಿತಿ ಇದೆ. ಈ ಪಕ್ಕದ ಗಾಲಿಗಳು ಕಂಪನಿ ಹಾಕಿದ್ದಲ್ಲ, ಅಲ್ವಾ?"

"ಅವು ಇಲ್ಲಂದ್ರ ನಾ ಕೂಡಾಕ ಆಗೂದಿಲ್ರಿ."

"ನನಗೆ ಕಾಣಿಸ್ತಿದೆ ಮೇಡಂ" ಎಂದು ಅವರು ನೆಲ ನೋಡಿದರು.

ಕಾಯ್ದೆಯಂತೆ ಅವರು ಗಾಡಿಯನ್ನು ಅಲ್ಲೇ ಹಿಡಿದಿಟ್ಟುಕೊಳ್ಳಬಹುದಿತ್ತು. ಟೆಂಪೊದಲ್ಲೇ ತಂದಿದ್ದೀರಿ, ಟೆಂಪೊದಲ್ಲೇ ಒಯ್ಯಿರಿ, ಆದರೆ ಒಂದು ಮುಚ್ಚಳಿಕೆ ಬರೆದು ಕೊಡಿ ಎಂದರು. ನನ್ನ ಅಕ್ಷರ ದುಂಡಗಿದೆ ಎಂದು ಎಲ್ಲರೂ ಹೊಗಳುತ್ತಾರೆ, ಪಂಚಾಯಿತಿಯ ಬೋರ್ಡುಗಳನ್ನೆಲ್ಲ ನನ್ನಿಂದಲೇ ಬರೆಸುತ್ತಾರೆ. ಅದೇ ದುಂಡನೆಯ ಅಕ್ಷರದಲ್ಲಿ ಬರೆದೆ: ಸದರಿ ವಾಹನವನ್ನು ನಾನು ಸಾರ್ವಜನಿಕ ರಸ್ತೆಯಲ್ಲಿ ಚಲಾಯಿಸುವುದಿಲ್ಲ. ಕೆಳಗೆ ಸಹಿ ಮಾಡಿದೆ. ವಾಹನದ ಮಾಲೀಕರು ಎನ್ನುವುದರ ಮುಂದೆ ನನ್ನ ಹೆಸರು ಬಂದದ್ದು ಆ ಕಾಗದದಲ್ಲಿ ಮಾತ್ರ.

ಯಲಬುರ್ಗಾದ ಕ್ರಾಸ್ ದಾಟಿದ ಮೇಲೆ ಅಣ್ಣ ಒಮ್ಮೆಲೇ ಸಿಟ್ಟು ಮಾಡಿದ. "ಯಾರರ ನಿನ್ನ ಕೇಳಿದ್ರೇನು? ಯಾರರ ಮನಿಗಿ ಬಂದು ಕಾಗದ ತೋರಸು ಅಂದಿದ್ರೇನು? ಛಂದಂಗ ಅಡ್ಡಾಡಾಕ ಹತ್ತಿದ್ದಿ." ಟೆಂಪೊ ಓಡಿಸುವವನು ಹಾಡಿನ ದನಿ ತಗ್ಗಿಸಿದ.

ನಾನು ಸುಮ್ಮನೆ ಕೂರಲಿಲ್ಲ, ಮಾಡಬೇಕಾದ್ದನ್ನೆಲ್ಲ ಮಾಡಿದೆ. ಗಾಡಿ ಮಾರಿದವನ ಅಂಗಡಿಗೆ ಹೋದೆ. ಅಷ್ಟರಲ್ಲಿ ಅವನು ಸ್ಕೂಟರ್ ಬಿಟ್ಟು ನೀರು ಶುದ್ಧ ಮಾಡುವ ಮಷಿನ್ನು ಮಾರುತ್ತಿದ್ದ. ಪಾಪ, ನನ್ನ ಎದುರಿಗೇ ಹಳೆಯ ಪೆಟ್ಟಿಗೆಗಳನ್ನೆಲ್ಲ ಹುಡುಕಿ ಒಂದು ಪ್ರಮಾಣಪತ್ರದ ಝೆರಾಕ್ಸ್ ತೆಗೆದುಕೊಟ್ಟ. ಅದರಲ್ಲಿದ್ದ ಮಾಡೆಲ್ ಹೆಸರು ಬೇರೆ. ಕಂಪನಿಯ ಫೋನು ಹತ್ತಲಿಲ್ಲ. ರಸೀದಿಯ ಮೇಲಿದ್ದ ವಿಳಾಸಕ್ಕೆ ರಿಜಿಸ್ಟರ್ ಪೋಸ್ಟಿನಲ್ಲಿ ಪತ್ರ ಬರೆದೆ. ಹದಿನೈದು ದಿನಕ್ಕೆ ಲಕೋಟೆ ಹಾಗೇ ತಿರುಗಿ ಬಂತು, ಆ ವಿಳಾಸದಲ್ಲಿ ಅಂಥವರಿಲ್ಲ ಎಂದು ಅದರ ಮೇಲೆ ಬರೆದಿದ್ದರು.

ಆ ಝೆರಾಕ್ಸ್ ಹಿಡಿದುಕೊಂಡು ಬಸ್ಸಿನಲ್ಲಿ ಒಬ್ಬಳೇ ಮತ್ತೆ ಕೊಪ್ಪಳಕ್ಕೆ ಹೋದೆ. ಹತ್ತುವಾಗ ಕಂಡಕ್ಟರ್ ರಟ್ಟೆ ಹಿಡಿದು ಎಳೆದುಕೊಂಡ. ಇನ್‌ಸ್ಪೆಕ್ಟರು ನನ್ನ ಗುರುತು ಹಿಡಿದು ಚಹಾ ತರಿಸಿದರು. ಕಾಗದ ನೋಡಿ ತಲೆಯಾಡಿಸಿದರು. ಹಾಗಾದರೆ ನನ್ನ ಗಾಡಿಯೊಂದನ್ನೇ ಪರೀಕ್ಷೆ ಮಾಡಿಸಲು ಬರುತ್ತದೆಯೇ ಎಂದು ಕೇಳಿದೆ.

"ಅದು ಕಂಪನಿಗಳು ಮಾಡಿಸೋದು ಮೇಡಂ. ಪರೀಕ್ಷೆ ಒಂದು ಮಾಡೆಲ್‌ಗೆ ಆಗುತ್ತೆ. ಒಬ್ಬ ಮನುಷ್ಯನಿಗೆ ಅಂತ ಆಗಲ್ಲ." ಆಮೇಲೆ ಅವರೇ ಹೇಳಿದರು, "ನೀವು ಬರದೇ ಇದ್ದಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ."

ಅದನ್ನು ಅವರು ಕನಿಕರದಿಂದ ಹೇಳಿದರು. ಅವರು ಗದರಿಸಿದ್ದರೆ, ಲಂಚ ಕೇಳಿದ್ದರೆ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಎಲ್ಲರೂ ಒಳ್ಳೆಯವರಾಗಿದ್ದೂ ನನ್ನ ಕಾಲು ಮುರಿಯಿತು. ಹೊರಗೆ ಬಂದಾಗ ಚಾಚಾ ಬೇರೆ ಯಾರದೋ ಅರ್ಜಿ ತುಂಬುತ್ತಿದ್ದರು. ಅವರ ಕಣ್ಣು ತಪ್ಪಿಸಿ ನಡೆದೆ. ನನ್ನಂಥ ನಡಿಗೆಯವಳು ಯಾರ ಕಣ್ಣನ್ನು ತಪ್ಪಿಸಲು ಸಾಧ್ಯ? ಅವರು ನೋಡಿದ್ದರು, ಕರೆಯಲಿಲ್ಲ.

"ಸುಮ್ಮನ ಹತ್ತಿ ಹೋಗವ್ವ. ಯಾರು ನೋಡ್ತಾರ?" ಎಂದು ವೈನಿ ದಿನಾ ಹೇಳುತ್ತಿದ್ದಳು. ಒಂದು ದಿನ ಹತ್ತಿದೆ. ಸರ್ಕಲ್ಲಿನ ಹತ್ತಿರ ಖಾಕಿ ಅಂಗಿಯವನೊಬ್ಬ ನಿಂತಿದ್ದ. ನೋಡಿದರೆ ಬಸ್ಸಿನ ಡ್ರೈವರ್, ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ಅದು ತಿಳಿಯುವ ಮೊದಲೇ ನಾನು ಹ್ಯಾಂಡಲ್ ತಿರುಗಿಸಿದ್ದೆ, ಪಕ್ಕದ ಗಾಲಿ ರಸ್ತೆಯಿಂದ ಕೆಳಗಿಳಿಯಿತು. ಹೇಗೋ ನಿಲ್ಲಿಸಿದೆ. ಮುಚ್ಚಳಿಕೆಯಲ್ಲಿದ್ದ ನನ್ನದೇ ಅಕ್ಷರಗಳು ಕಣ್ಣ ಮುಂದೆ ಬಂದವು. ವಾಪಸ್ ಬಂದು ಗಾಡಿಯನ್ನು ತಾಡಪತ್ರಿಯ ಕೆಳಗೆ ನಿಲ್ಲಿಸಿದೆ. ಮತ್ತೆ ಅದನ್ನು ಹತ್ತಲಿಲ್ಲ.

ಆ ವರ್ಷದ ಕೊನೆಗೆ ದಾಳಿಂಬೆ ತೋಟದ ಯಜಮಾನರು ಬಂದು ಗಾಡಿ ಕೊಡುತ್ತೀರಾ ಎಂದು ಕೇಳಿದರು. ಹಣ್ಣಿನ ಕ್ರೇಟು ಸಾಗಿಸಲು ಬೇಕಂತೆ. "ನಮ್ಮ ಬೇಲಿ ಒಳಗ ಯಾವ ನಂಬರ್ ಕೇಳ್ತಾರ್ರಿ" ಎಂದರು. ಕೊಟ್ಟೆ. ವರ್ಗಾಯಿಸಲು ಕಾಗದ ಇರಲಿಲ್ಲ, ಸಹಿ ಹಾಕಲು ಜಾಗ ಇರಲಿಲ್ಲ. ದನ ಹೊಡೆದುಕೊಂಡು ಹೋಗುವಂತೆ ಅವರ ಆಳು ತಳ್ಳಿಕೊಂಡು ಹೋದ.

ಗ್ರಂಥಾಲಯದ ಬಾಗಿಲು ಮತ್ತೆ ಅಣ್ಣನ ಕೆಲಸ ನೋಡಿಕೊಂಡು ತೆರೆಯತೊಡಗಿತು. ಅವನು ಮೊದಲು ಕೆಲಸದ ಜಾಗಕ್ಕೆ ಹೋಗಿ ಬಂದು ನನ್ನನ್ನು ಬಿಟ್ಟರೆ ಒಮ್ಮೊಮ್ಮೆ ಹನ್ನೊಂದಾಗುತ್ತಿತ್ತು. ಬೆಳಗಿನ ಗಂಡಸರು ಚಹಾದಂಗಡಿಯ ಪೇಪರಿಗೆ ಹೋದರು. ಪೊಲೀಸ್ ಪರೀಕ್ಷೆಯ ಹುಡುಗಿಯರಲ್ಲಿ ಒಬ್ಬಳಿಗೆ ಮದುವೆಯಾಯಿತು, ಇಬ್ಬರು ಮನೆಯಲ್ಲೇ ಓದುತ್ತೇವೆ ಎಂದರು. ತೋಟದ ಹೆಣ್ಣುಮಕ್ಕಳಿಗೆ ಕೊಟ್ಟ ಪುಸ್ತಕಗಳನ್ನು ಯಾರೋ ಒಂದು ಚೀಲದಲ್ಲಿ ತಂದು ಪಂಚಾಯಿತಿ ಕಟ್ಟೆಯ ಮೇಲಿಟ್ಟು ಹೋಗಿದ್ದರು. ಪಂಚಾಯಿತಿ ಅಧಿಕಾರಿಗಳು ಒಂದು ದಿನ ಕರೆದು, "ನಿಮ್ಮ ಕಷ್ಟ ನಮಗೂ ಗೊತ್ತೈತ್ರಿ. ಆದ್ರ ಬಾಗಲಾ ಟೈಮಿಗೆ ತೆರೀಬೇಕಲ್ರಿ" ಎಂದರು. ಊರಿಗೆ ನೀರು ಬಿಡುವ ನೀರಗಂಟಿಗೆ ಒಂದು ಬೀಗದ ಕೈ ಕೊಡುವುದೆಂದಾಯಿತು. ಅವನು ತೆರೆದಿಟ್ಟು ವಾಲ್ವ್ ತಿರುಗಿಸಲು ಹೋಗುತ್ತಾನೆ. ನಾನು ಹೋಗುವ ಹೊತ್ತಿಗೆ ಒಳಗೆ ಯಾರೂ ಇರುವುದಿಲ್ಲ, ಬೆಂಚಿನ ಮೇಲೆ ಧೂಳು.

ಹೋದ ತಿಂಗಳು ಅಣ್ಣನಿಗೆ ದೂರದ ಹನುಮನಹಳ್ಳಿಯಲ್ಲಿ ಲಾಡ್ಜು ಕಟ್ಟುವ ಕೆಲಸ ಸಿಕ್ಕಿತು, ಎರಡು ವಾರ ಅಲ್ಲೇ ಇರಬೇಕು. ಮೊದಲ ನಾಲ್ಕು ದಿನ ಓಣಿಯ ಅವರಿವರನ್ನು ಕೇಳಿ ಹೋದೆ. ಐದನೆಯ ದಿನ ಕೇಳಲು ಬಾಯಿ ಬರಲಿಲ್ಲ. ವೈನಿಗೂ ಹೇಳದೆ ಬೆಳಗ್ಗೆ ಏಳಕ್ಕೆ ನಡೆಯುತ್ತ ಹೊರಟೆ. ನಡೆದರೆ ಆಗದೇ ಇರುತ್ತದೆಯೇ ಎಂದು ಮನಸ್ಸಿನಲ್ಲಿತ್ತು. ಹಳ್ಳದ ಹತ್ತಿರ ಬರುವಷ್ಟರಲ್ಲಿ ಒಂಬತ್ತು ದಾಟಿತ್ತು. ಅಂಗೈ ಕೆಂಪಾಗಿ ಉರಿಯುತ್ತಿತ್ತು, ಬಲಗಾಲು ಮರಗಟ್ಟಿತ್ತು. ದಾರಿ ಬದಿಯ ಮೈಲಿಗಲ್ಲಿನ ಮೇಲೆ ಕೂತೆ.

ಜೋಳದ ಸೊಪ್ಪೆ ಹೇರಲು ಹೊರಟಿದ್ದ ಖಾಲಿ ಟ್ರ್ಯಾಕ್ಟರ್ ಒಂದು ಬಂದು ನಿಂತಿತು. "ಹತ್ತ್ರಿ ಅಕ್ಕಾರ, ಬಿಡ್ತೀನಿ" ಎಂದ ಡ್ರೈವರ್. ಎದ್ದು ಹೋಗಿ ಟ್ರಾಲಿಯ ಅಂಚು ಹಿಡಿದೆ. ಅದು ನನ್ನ ಎದೆಯ ಮಟ್ಟಕ್ಕಿತ್ತು. ಅವನು ಇಳಿದು ಬಂದ. ಹೇಗೆ ಎತ್ತುವುದು, ಎಲ್ಲಿ ಹಿಡಿಯುವುದು ತಿಳಿಯದೆ ಕೈಗಳನ್ನು ಲುಂಗಿಗೆ ಒರೆಸಿಕೊಳ್ಳುತ್ತ ನಿಂತ. ನನಗಿಂತ ಅವನಿಗೇ ಹೆಚ್ಚು ನಾಚಿಕೆಯಾಗಿತ್ತು.

"ನೀ ಹೋಗಪ್ಪ. ನಮ್ಮವ್ರು ಬರಾಕ ಹತ್ಯಾರ" ಎಂದು ಸುಳ್ಳು ಹೇಳಿದೆ. ಅವನು ಎರಡು ಸಲ ತಿರುಗಿ ನೋಡಿ ಹೋದ.

ನೀರಗಂಟಿಗೆ ಫೋನ್ ಮಾಡಿ, ಇವತ್ತು ಬಾಗಿಲು ಹಾಕಿಬಿಡು ಎಂದೆ. "ಯಾಕ್ರಿ ಅಕ್ಕಾರ, ಆರಾಮ ಇಲ್ಲೇನು?" ಎಂದು ಕೇಳಿದ. ಆರಾಮ ಅದೀನಿ ಎಂದೆ. ಅಲ್ಲಿಂದ ಗ್ರಂಥಾಲಯಕ್ಕೆ ಎಷ್ಟು ದೂರವೋ ಮನೆಗೂ ಹೆಚ್ಚುಕಡಿಮೆ ಅಷ್ಟೇ ದೂರ. ಎದ್ದು ಯಾವ ಕಡೆ ಹೋಗಬೇಕೆಂದು ತಿಳಿಯದೆ, ಮಧ್ಯಾಹ್ನ ದಾಟಿ ಬಿಸಿಲು ಬೆನ್ನಿಗೆ ಬರುವವರೆಗೆ ಆ ಕಲ್ಲಿನ ಮೇಲೆಯೇ ಕೂತಿದ್ದೆ.